ಮಗಳ ಕೋಣೆಗೆ ಬಿದ್ದ ತೆರಿಗೆ

ಕೆಲಸದಲ್ಲಿದ್ದ ಅಷ್ಟೂ ವರ್ಷ ನಾನು ಜನರನ್ನು ಕೇಳುತ್ತಿದ್ದದ್ದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: ಈ ಮನೆ ಯಾರ ಕೈಯಲ್ಲಿದೆ? ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಿಕೊಳ್ಳಲು ಬೇರೆ ಕಚೇರಿಯಿತ್ತು. ಬೇಕೆಂದಾಗ ಬೀಗ ತೆಗೆದು ಒಳಗೆ ಹೋಗಬಲ್ಲವರು ಯಾರು, ಇನ್ನೊಬ್ಬರನ್ನು ಒಳಗೆ ಬಿಡಬಲ್ಲವರು ಯಾರು, ಬೇಡ ಎನ್ನಬಲ್ಲವರು ಯಾರು, ಇಷ್ಟು ತಿಳಿದರೆ ನಮಗೆ ಸಾಕಿತ್ತು.

ಕಳೆದ ದೀಪಾವಳಿಗೆ ಮ್ಯೂನಿಕ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದಾಗ ಒಬ್ಬ ಹುಡುಗಿ ಊಟದ ತಟ್ಟೆ ಹಿಡಿದುಕೊಂಡೇ ಬಂದು, "ಆಂಟಿ, ನಾನೂ ಮುನಿಸಿಪಾಲಿಟಿ ಟ್ಯಾಕ್ಸ್ ಆಫೀಸಲ್ಲಿ ಟ್ರೈನಿಂಗಿಗೆ ಸೇರ್ಕೊಂಡೆ. ಅಮ್ಮ ನಿಮ್ಮನ್ನ ಕೇಳು ಅಂದ್ರು. ಇಟ್ಸ್ ಬೋರಿಂಗ್, ಅಲ್ವಾ?" ಅಂದಳು. ನನ್ನ ಬಾಯಲ್ಲಿ ಹೋಳಿಗೆ ಇತ್ತು. "ಬೋರೇ" ಅಂದುಬಿಟ್ಟೆ. ಉತ್ತರದ ಉಳಿದ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅಮ್ಮ ಓದಿ ಹೇಳಲಿ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ತೆರಿಗೆಯ ವಿಷಯ ಗುಟ್ಟಾಗಿಡಬೇಕೆಂಬ ಪ್ರಮಾಣ ನಿವೃತ್ತಿಯಾದ ಮೇಲೂ ಬಿಡುವುದಿಲ್ಲ. ಆದ್ದರಿಂದ ಹೆಸರುಗಳನ್ನು ಬದಲಿಸಿದ್ದೇನೆ, ಊರನ್ನು ಹೇಳುವುದಿಲ್ಲ. ಯಾರ ಕತೆ ಹೆಚ್ಚು ಬರುತ್ತದೋ ಅವರ ಒಪ್ಪಿಗೆ ಕೇಳಿದ್ದೇನೆ. ಆದರೆ ಹೆಸರು ಬದಲಿಸಿದ ಕೂಡಲೇ ಆ ಮನುಷ್ಯ ಸ್ವಲ್ಪ ಬೇರೆ ಥರ ಮಾತನಾಡಲು ಶುರುಮಾಡುತ್ತಾನೆ. ಅವನನ್ನು ಹಿಡಿದು ಹಿಂದಕ್ಕೆ ತರುವಷ್ಟು ನೆನಪು ನನಗಿಲ್ಲ. ಹಾಗಾಗಿ ಇಲ್ಲಿ ಬರುವ ಮಾತುಗಳಲ್ಲಿ ಕೆಲವು ನಿಜವಾಗಿ ಆಡಿದವು, ಕೆಲವು ಆಡಿರಬಹುದಾದವು. ಎಲ್ಲೆಲ್ಲಿ ಅನುಮಾನವಿದೆಯೋ ಅಲ್ಲಲ್ಲಿ ಹೇಳಿಬಿಡುತ್ತೇನೆ.

ನಮ್ಮದು ಸರೋವರದ ದಡದ ಸಣ್ಣ ಊರು. ಮ್ಯೂನಿಕ್‌ನ ಹಣವಂತರು ವಾರಾಂತ್ಯಕ್ಕೆಂದು ಇಲ್ಲಿ ಮನೆ ಮಾಡಿಟ್ಟಿದ್ದರು. ಚಳಿಗಾಲದಲ್ಲಿ ದಡದ ಬೀದಿಯಲ್ಲಿ ನಡೆದರೆ ಕಿಟಕಿಗಳ ಪರದೆಪಟ್ಟಿಗಳೆಲ್ಲ ಇಳಿದಿರುತ್ತಿದ್ದವು, ಒಂದು ಚಿಮಣಿಯಲ್ಲೂ ಹೊಗೆ ಇರುತ್ತಿರಲಿಲ್ಲ. ಇತ್ತ ಶಾಲೆಯ ಮೇಷ್ಟ್ರಿಗೆ, ಬೇಕರಿಯ ಹೆಂಗಸಿಗೆ ಬಾಡಿಗೆಗೊಂದು ಮನೆ ಸಿಗುತ್ತಿರಲಿಲ್ಲ. ಅದಕ್ಕೇ ಊರಿನ ಸಭೆ ಎರಡನೇ ಮನೆಗೆ ತೆರಿಗೆ ಹಾಕಿತು. ಬೇರೆ ಕಡೆ ಮುಖ್ಯ ವಾಸವಿದ್ದು, ನಮ್ಮೂರಿನಲ್ಲಿ ಇನ್ನೊಂದು ಮನೆ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಕಟ್ಟಬೇಕು. ಜರ್ಮನ್ನಿನಲ್ಲಿ ಆ ತೆರಿಗೆಗೆ ಒಂದೇ ಉಸಿರಿನಲ್ಲಿ ಮುಗಿಯದ ಹೆಸರಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನೆತ್ತಿ ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಆಚೆಯವರು ಇಟ್ಟುಬಿಡುತ್ತಿದ್ದರು.

ನನ್ನ ಹೆಸರಿನದೂ ಒಂದು ಕತೆಯೇ. ಮೈಸೂರಿನವರಾದ ನಮಗೆ ಮನೆತನದ ಹೆಸರೆಂಬುದು ಇರಲಿಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ಹಾಕಿದ್ದರು. ಹಾಗಾಗಿ ಕಚೇರಿಯಲ್ಲಿ ನಾನು ಕೊನೆಯವರೆಗೂ ಫ್ರಾವ್ ನಂಜುಂಡಯ್ಯ. ನಮ್ಮಪ್ಪ ಜೀವಮಾನದಲ್ಲಿ ಒಂದು ಸಲವೂ ತೆರಿಗೆ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ಅವರ ಹೆಸರಿನ ಕೆಳಗೆ ಎಷ್ಟು ಸಾವಿರ ನೋಟೀಸುಗಳು ಹೋದವೋ!

ನನ್ನ ಮೇಲಧಿಕಾರಿ ಹೆರ್ ಓಬರ್‌ಮಾಯರ್. ಎತ್ತರದ ಆಳು, ಅಪ್ಪಟ ಬವೇರಿಯಾದವರು. ಅವರು ಕಡತಕ್ಕಿಂತ ಕಸದ ಡಬ್ಬಿಯನ್ನು ನಂಬುತ್ತಿದ್ದರು. ಯಾರಾದರೂ "ನಾನು ಇಲ್ಲೇ ಕಾಯಂ ಇರುವವನು, ಇದು ಎರಡನೇ ಮನೆಯಲ್ಲ" ಎಂದು ಬರೆದರೆ, ಕಸದ ಗಾಡಿ ಬರುವ ದಿನ ಸೈಕಲ್ಲಿನಲ್ಲಿ ಆ ಬೀದಿಗೆ ಹೋಗಿ, ಡಬ್ಬಿ ಹೊರಗಿದೆಯೇ ಎಂದು ನೋಡಿಬರುತ್ತಿದ್ದರು. "ಕಾಯಂ ಇರುವ ಮನುಷ್ಯನ ಮನೆಯಲ್ಲಿ ಆಲೂಗಡ್ಡೆ ಸಿಪ್ಪೆಯಾದರೂ ಬೀಳುತ್ತದೆ" ಎನ್ನುತ್ತಿದ್ದರು. ನನಗೆ ಕಲಿಸಿದ್ದೂ ಅದೇ: ಜನ ಏನು ಬರೆದಿದ್ದಾರೆ ಎಂಬುದನ್ನು ಆಮೇಲೆ ಓದು, ಮೊದಲು ಹೋಗಿ ನೋಡು, ಕಂಡದ್ದನ್ನು ಬರೆ.

ನಮ್ಮವರ ಕಾಗದಗಳು ಬಂದರೆ ಮಾತ್ರ ಹೋಗಿ ನೋಡಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ಸಲ ಇಬ್ಬರು ಹುಡುಗರು ಬಂದರು. ಮ್ಯೂನಿಕ್ ಪಕ್ಕದ ನೊಯ್‌ಬಿಬರ್ಗಿನ ಚಿಪ್ ಕಂಪನಿಯಲ್ಲಿ ಕೆಲಸ, ನಮ್ಮೂರಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅವರಲ್ಲೊಬ್ಬನಿಗೆ ಎರಡನೇ ಮನೆಯ ತೆರಿಗೆಯ ನೋಟೀಸು ಹೋಗಿತ್ತು. ಕಿಟಕಿಯಾಚೆ ಕನ್ನಡ ಕೇಳಿದ್ದೇ ಅವನಿಗೆ ಜೀವ ಬಂತು.

"ಮೇಡಂ, ನೀವು ಕನ್ನಡದವ್ರಾ? ದೇವ್ರು ಬಂದಂಗಾಯ್ತು. ನನಗೆ ಇರೋದೇ ಒಂದು ರೂಮು. ಎರಡನೇದು ಎಲ್ಲಿಂದ ತರಲಿ?"

ವಿಳಾಸದ ನೋಂದಣಿ ಮಾಡಿಸುವಾಗ 'ಬೇರೆ ಮನೆ ಇದೆಯೇ' ಎಂದು ಕೇಳಿದ್ದಕ್ಕೆ ಇವನು ಇದೆ ಎಂದಿದ್ದ.

"ಯಾಕಪ್ಪಾ ಹಾಗಂದೆ?"

"ಮನೆ ಎಲ್ಲಿದೆ ಅಂದ್ರೆ ಇನ್ನೇನು ಹೇಳ್ಲಿ ಮೇಡಂ? ಹಾಸನದಲ್ಲಿದೆ."

ಜೊತೆಗಿದ್ದವನು ಅವನ ಬೆನ್ನಿಗೊಂದು ಗುದ್ದಿದ. "ಲೋ ಮಗಾ, ಹಾಸನದಲ್ಲಿ ನಿಮ್ಮಪ್ಪ ಕಂದಾಯ ಕಟ್ಲಿ, ಇಲ್ಲಿ ನೀನು ಕಟ್ಟು. ಡಬ್ಬಲ್ ಧಮಾಕಾ."

ಒಂದು ಫೋನಿನಲ್ಲಿ ಸರಿಹೋಯಿತು. ಆದರೆ ಅದೇ ತಪ್ಪು ದಾವಣಗೆರೆ, ಶಿರಸಿ, ಕೋಲಾರಗಳಿಂದಲೂ ಬರುತ್ತಲೇ ಇತ್ತು. ಕೊನೆಗೊಂದು ದಿನ ಓಬರ್‌ಮಾಯರ್ ಗಂಭೀರವಾಗಿ ಕೇಳಿದರು: "ಫ್ರಾವ್ ನಂಜುಂಡಯ್ಯ, ನಿಮ್ಮ ದೇಶದಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆ ಇರುತ್ತವೆಯೇ?" ಊರು ಎಂದರೇನೆಂದು ಅವರಿಗೆ ವಿವರಿಸಲು ಕಾಫಿ ಬಿಡುವಿನ ಹೊತ್ತು ಸಾಲಲಿಲ್ಲ.

ಹೊಸಬರು ತಿಳಿಯಬೇಕಾದದ್ದು ವಿನಾಯಿತಿಗಳನ್ನು. ತೆರಿಗೆ ಹಾಕುವುದು ಈಗ ಯಂತ್ರದ ಕೆಲಸ. ಬಿಡುವುದಕ್ಕೆ ಮಾತ್ರ ಮನುಷ್ಯ ಬೇಕು. ಗಂಡಹೆಂಡಿರಲ್ಲಿ ಒಬ್ಬರು ನೌಕರಿಗಾಗಿ ಬೇರೆ ಊರಿನಲ್ಲಿ ಮನೆ ಮಾಡಿದ್ದರೆ ಅದಕ್ಕೆ ಮಾಫಿ. ಆದರೆ ಅವರು ಕಾಯಂ ಬೇರೆಯಾದವರಾಗಿರಬಾರದು. ದೂರದ ಫೊಯರ್‌ಬಾಕ್‌ನ ಕಾರ್ಖಾನೆಯಲ್ಲಿ ಗಂಡ, ನಮ್ಮೂರಿನಲ್ಲಿ ಹೆಂಡತಿ, ಹೀಗೆ ಎಷ್ಟೋ ಸಂಸಾರಗಳಿದ್ದವು. "ನೀವಿಬ್ಬರೂ ಕಾಯಂ ಬೇರೆಯಾಗಿದ್ದೀರಾ?" ಎಂದು ಕನ್ನಡದವರನ್ನು ಕನ್ನಡದಲ್ಲಿ ಕೇಳಲು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ಆ ಒಂದು ಪ್ರಶ್ನೆಯನ್ನು ಜರ್ಮನ್ನಿನಲ್ಲೇ, ಕಂಪ್ಯೂಟರ್ ಪರದೆ ನೋಡುತ್ತಾ ಕೇಳುತ್ತಿದ್ದೆ.

ಎಲ್ಲಕ್ಕಿಂತ ಸುಲಭದ್ದು ಮಕ್ಕಳ ಕೋಣೆ. ಮಗ ಅಥವಾ ಮಗಳು ಬೇರೆ ಊರಿನಲ್ಲಿ ಓದುತ್ತಾರೆ, ಕೆಲಸ ಮಾಡುತ್ತಾರೆ. ಅಪ್ಪ ಅಮ್ಮನ ಮನೆಯಲ್ಲೂ ಹೆಸರು ಉಳಿಸಿಕೊಂಡಿದ್ದಾರೆ. ಅದು ಎರಡನೇ ಮನೆ ಆಗುತ್ತದೆಯೇ? ಆ ಕೋಣೆ ತಂದೆತಾಯಿಯ ಕೈಯಲ್ಲೇ ಇದ್ದರೆ ಆಗುವುದಿಲ್ಲ. ಅದಕ್ಕೊಂದು ಸಿದ್ಧ ವಾಕ್ಯವಿತ್ತು: 'ಈ ಕೋಣೆಯ ಮೇಲೆ ನಮ್ಮ ಮಗಳಿಗೆ ಸ್ವತಂತ್ರ ಅಧಿಕಾರವಿಲ್ಲ, ನಾವು ಯಾವಾಗ ಬೇಕಾದರೂ ಒಳಗೆ ಹೋಗುತ್ತೇವೆ.' ತಂದೆತಾಯಿ ಸಹಿ ಹಾಕಿದರೆ ಮಾಫಿ. ಜರ್ಮನ್ ತಾಯಂದಿರು ನಗುತ್ತಾ ಸಹಿ ಹಾಕುತ್ತಿದ್ದರು. ನಮ್ಮ ಕಡೆಯ ತಾಯಂದಿರಿಗಂತೂ ಇದರಲ್ಲಿ ಕೇಳುವಂಥದ್ದು ಏನಿದೆ ಎಂದೇ ಅರ್ಥವಾಗುತ್ತಿರಲಿಲ್ಲ.

ಆ ವಾಕ್ಯಕ್ಕೆ ಸಹಿ ಹಾಕುವುದಿಲ್ಲ ಎಂದವರನ್ನು ನಾನು ಕಂಡದ್ದು ಒಬ್ಬರನ್ನೇ.

ಬಸವರಾಜ ಮುಧೋಳ ಗದಗದ ಕಡೆಯವರು. ಎಂಜಿನಿಯರ್ ಆಗಿ ದುಡಿದು ನಿವೃತ್ತರಾಗಿದ್ದರು. ಹೆಂಡತಿ ಗಿರಿಜಾ, ಒಬ್ಬಳೇ ಮಗಳು ಸಹನಾ. ಮಗಳು ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ಆಗ ಡ್ಯೂಸೆಲ್ಡಾರ್ಫ್‌ನಲ್ಲಿ ನೌಕರಿಯಲ್ಲಿದ್ದಳು. ಯುಗಾದಿ, ಗಣೇಶನ ಹಬ್ಬಗಳಲ್ಲಿ ನಮಗೆ ಮುಖಪರಿಚಯ. ನಮ್ಮೂರಿನ ಅವರ ಮನೆಗೆ ಮೇಲೊಂದು ಛಾವಣಿ ಅಂತಸ್ತಿತ್ತು. ಒಂದು ಕೋಣೆ, ಪುಟ್ಟ ಒಲೆ, ಬಚ್ಚಲು, ಅದಕ್ಕೇ ಒಂದು ಬಾಗಿಲು, ಕೆಳಗೆ ಗೇಟಿನಲ್ಲಿ ಬೇರೆಯದೇ ಕರೆಗಂಟೆ, ಅದರ ಮೇಲೆ ಸಹನಾ ಮುಧೋಳ ಎಂಬ ಹೆಸರು. ಮಗಳು ಕಾಲೇಜಿಗೆ ಹೋಗುವಾಗ ಓದಲೆಂದು ತಂದೆಯೇ ಕಟ್ಟಿಸಿದ್ದು.

ಸಹನಾಳಿಗೆ ನೋಟೀಸು ಹೋಗಿ, ಅದರ ಪ್ರತಿ ಹಿಡಿದು ಮುಧೋಳರು ಬಂದರು. ಪರಿಚಯದವರಾದ್ದರಿಂದ ನಾನು ಸಲೀಸಾಗಿ ಮುಗಿಸಲು ನೋಡಿದೆ.

"ಕೂತ್ಕೊಳ್ಳಿ ಸಾರ್. ಈ ಒಂದು ಸಾಲಿಗೆ ಸಹಿ ಹಾಕ್ಬಿಡಿ, ಆಯ್ತು."

ಓದಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡು ಓದಿದರು.

"ಇದನ್ನ ನಾ ಬರದುಕೊಡಂಗಿಲ್ರಿ ಅಕ್ಕಾರ."

"ಬರೀ ಫಾರ್ಮಾಲಿಟಿ ಸಾರ್."

"ನಿಮಗ ಫಾರ್ಮಾಲಿಟಿ. ಈ ಮಾತು ನಾ ಒಮ್ಮೆ ಅಂದೀನಿ. ಮತ್ತ ಅನ್ನಂಗಿಲ್ಲ."

ನನಗೆ ತಿಳಿಯಲಿಲ್ಲ. ಅವರೇ ಬೆರಳಿನಿಂದ ಮೇಜು ತಟ್ಟಿ ಹೇಳಿದರು: "ಆ ಖೋಲಿ ಆಕಿದು. ಕೀಲಿಕೈ ಆಕಿ ಹತ್ರ ಐತಿ. ನಾವು ಅಲ್ಲಿ ಇರಂಗಿಲ್ಲ, ಮಲಗಂಗಿಲ್ಲ, ಏನೂ ಇಡಂಗಿಲ್ಲ. ಹಂಗ ಬರಕೋರಿ."

"ಹಾಗೆ ಬರ್ಕೊಂಡ್ರೆ ತೆರಿಗೆ ಬೀಳತ್ತೆ."

"ಬೀಳ್ಲಿ. ಕಟ್ಟತೀನಿ."

"ಬೀಳೋದು ನಿಮಗಲ್ಲ ಸಾರ್. ಅವಳಿಗೆ. ಕಾಗದ ಅವಳ ಹೆಸರಿಗೇ ಹೋಗತ್ತೆ."

ನೋಟೀಸಿನ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಎದ್ದು ಹೋದರು. ಟೋಪಿ ಮರೆತು ಹೋಗಿದ್ದರೆಂದು ನನ್ನ ನೆನಪು. ಟೋಪಿಯ ಸಂಗತಿ ಬೇರೆ ಯಾರದೋ ಇರಬಹುದು. ನಮ್ಮಲ್ಲಿ ಟೋಪಿ ಮರೆಯುವವರು ಬಹಳ ಜನ.

ಎರಡು ದಿನ ಬಿಟ್ಟು ಸಹನಾ ಫೋನು ಮಾಡಿದಳು. ಮೊದಲು ಜರ್ಮನ್, ನನ್ನ ಹೆಸರು ಕೇಳಿದ ಮೇಲೆ ಗದಗದ ಕನ್ನಡ, ನಡುವೆ ಇಂಗ್ಲಿಷ್.

"ಆಂಟಿ, ಸಿಂಪಲ್. ನಾ ಆಬ್‌ಮೆಲ್ಡುಂಗ್ ಮಾಡತೀನಿ. ದೆನ್ ನೋ ಟ್ಯಾಕ್ಸ್, ರೈಟ್?"

ಆಬ್‌ಮೆಲ್ಡುಂಗ್ ಎಂದರೆ ಆ ವಿಳಾಸದಿಂದ ತನ್ನ ಹೆಸರನ್ನು ತೆಗೆಸುವುದು. ಅದು ಅವಳ ಹಕ್ಕು, ಹಾಗೆಂದು ಹೇಳಿದೆ. "ಗುಟ್. ಅಲ್ಲೆ ಹೆಸರಿದ್ದು ಏನ್ ಮಾಡೋದೈತಿ" ಎಂದಳು. ಕೋಪದ ದನಿಯಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬಸ್ ಪಾಸು ರದ್ದು ಮಾಡಿಸುವವರ ದನಿ ಅದು.

ಅದೇ ಸಂಜೆ ಗಿರಿಜಾ ಮನೆಗೆ ಫೋನು ಮಾಡಿದರು. ಕಚೇರಿಯ ವಿಷಯ ಮನೆಯಲ್ಲಿ ಮಾತಾಡುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವರು ಅರ್ಧ ಹೇಳಿ ಮುಗಿಸಿದ್ದರು.

ನಡೆದದ್ದು ಇಷ್ಟು. ಹಿಂದಿನ ವರ್ಷ ಗಂಡಹೆಂಡತಿ ಗದಗಕ್ಕೆ ಹೋಗಿದ್ದಾಗ, ಸಹನಾ ತನ್ನ ಗೆಳತಿಯೊಬ್ಬಳಿಗೆ ಆ ಕೋಣೆ ಬಿಟ್ಟುಕೊಟ್ಟಿದ್ದಳು. ಗೆಳತಿ ಇದ್ದ ಬಾಡಿಗೆ ಮನೆ ಕೈಬಿಟ್ಟಿತ್ತು, ಇನ್ನೊಂದು ಸಿಕ್ಕಿರಲಿಲ್ಲ. ಅವಳ ಜೊತೆ ಒಂದು ಬೆಕ್ಕು. ಮುಧೋಳರು ವಿಮಾನದ ದಣಿವಿನಲ್ಲಿ ಬಂದು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಅಪರಿಚಿತ ಹುಡುಗಿ, ದೇವರ ಮನೆಯಲ್ಲಿ ಬೆಕ್ಕು. ಮಗಳನ್ನು ಕರೆಸಿ, ಆ ಗೆಳತಿಯ ಎದುರಿಗೇ, "ಈ ಮನ್ಯಾಗ ನಿನಗ ಏನೂ ಅಧಿಕಾರ ಇಲ್ಲ" ಎಂದರಂತೆ. ಮಗಳು ಗೆಳತಿಯ ಚೀಲ ಹೊತ್ತುಕೊಂಡು ಅವಳ ಜೊತೆಗೇ ಹೊರಟವಳು ಆಮೇಲೆ ಬಂದಿರಲಿಲ್ಲ. ಅಪ್ಪನೊಡನೆ ಮಾತೂ ಇರಲಿಲ್ಲ.

"ಆಕಿ ಹೆಸರು ತಗಿಸಿದ್ರ, ಗಂಟಿ ಮ್ಯಾಲಿನ ಹೆಸರೂ ತಗೀಬೇಕಾಗತದೇನ್ರಿ ಅಕ್ಕಾ?" ಎಂದು ಗಿರಿಜಾ ಕೇಳಿದರು.

"ಅದಕ್ಕೆ ಕಾನೂನಿಲ್ಲ."

"ಕಾನೂನು ಬ್ಯಾಡ್ರಿ. ಇವರು ಆ ಗಂಟಿ ನೋಡಿಕೋತ ಕುಂದ್ರತಾರ. ನಾ ಮ್ಯಾಲೆ ಹೋಗಿ ನಾಕು ಸಂಡಿಗಿ ಒಣಾ ಹಾಕತೀನಿ ಅಂದ್ರ ಬೈತಾರ. 'ಆಕಿ ಖೋಲಿ, ಆಕಿನ್ನ ಕೇಳು' ಅಂತಾರ. ಆಕಿನ್ನ ಹೆಂಗ ಕೇಳ್ಲಿ? ನಡುವ ನಾ ಸಿಕ್ಕೊಂಡೀನಿ."

ಮಗಳ ಹೆಸರು ಆ ಮನೆಯಲ್ಲಿ ಉಳಿಯಬೇಕಾದರೆ, ಮಗಳನ್ನು ಓಡಿಸಿದ ಅದೇ ಮಾತನ್ನು ತಂದೆ ಮತ್ತೊಮ್ಮೆ, ಈ ಸಲ ಸರ್ಕಾರದ ಕಾಗದದಲ್ಲಿ, ಹೇಳಬೇಕಿತ್ತು. ಹೇಳದಿದ್ದರೆ ತೆರಿಗೆ. ತೆರಿಗೆ ಬಿದ್ದರೆ ಅವಳು ಹೆಸರು ತೆಗೆಸುತ್ತಾಳೆ. ನಾನು ಕಾನೂನಿನ ಪುಸ್ತಕ ತೆಗೆದು ಆ ವಾಕ್ಯಕ್ಕೆ ಬದಲಿ ವಾಕ್ಯ ಹುಡುಕಿದೆ. ಸಿಗಲಿಲ್ಲ.

ಮರುದಿನ ಓಬರ್‌ಮಾಯರ್‌ರ ಬಳಿ ಹೋಗಿ, ಇವರು ನನ್ನ ಪರಿಚಯದವರು, ತೀರ್ಮಾನ ನಾನು ಮಾಡಬಾರದು ಎಂದೆ. ಹೊಸಬರಿಗೆ ಹೇಳುವ ಮಾತೊಂದಿದ್ದರೆ ಇದು: ಪರಿಚಯದವರ ಕಡತ ಬಂದರೆ ಅದೇ ದಿನ ಎದ್ದು ಹೋಗಿ ಹೇಳಿ. ಜಗಳದ ಕತೆಯನ್ನು ಓಬರ್‌ಮಾಯರ್‌ಗೆ ಹೇಳಲಿಲ್ಲ. ಅದು ಮನೆಗೆ ಬಂದ ಫೋನು. ಅವರು ಕಾಗದ ಓದಿ, "ತೆರಿಗೆ ಬೇಕು ಎನ್ನುವ ತಂದೆ! ಹೋಗಿ ನೋಡೋಣ" ಎಂದರು.

ಹೊರಗೆ ಹಿಮ ಕರಗಿ ಕೆಸರಾಗಿತ್ತು. ಮುಧೋಳರ ಬಾಗಿಲಲ್ಲಿ ಓಬರ್‌ಮಾಯರ್ ಬೂಟು ಬಿಚ್ಚಬೇಕಾಯಿತು. ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ಬಲಗಾಲಿನ ಹಿಂದೆ ಮರೆಮಾಡಿಕೊಂಡು ನಿಂತ ಆ ಎತ್ತರದ ಮನುಷ್ಯನಿಗೆ ಗಿರಿಜಾ ಚಹಾ, ಅವಲಕ್ಕಿ ಚೂಡಾ ತಂದರು. ಕರ್ತವ್ಯದಲ್ಲಿರುವಾಗ ಏನನ್ನೂ ಸ್ವೀಕರಿಸುವುದಿಲ್ಲ ಎಂದರು. ಗಿರಿಜಾ ಅದನ್ನು ಕೇಳಿಸಿಕೊಂಡು ಇನ್ನೊಂದು ಬಟ್ಟಲು ತಂದರು. ಮಾತಿನ ನಡುವೆ ಒಂದು ಬಟ್ಟಲು ಖಾಲಿಯಾಯಿತು. ಅದನ್ನು ನಾನು ತಿನ್ನಲಿಲ್ಲ.

ಆಮೇಲೆ ಮೇಲಕ್ಕೆ. ಮುಧೋಳರು ಮುಂದೆ, ಓಬರ್‌ಮಾಯರ್ ಅವರ ಹಿಂದೆ, ಕೊನೆಗೆ ನಾನು. ಕಡಿದಾದ ಮರದ ಮೆಟ್ಟಿಲು. ಮೇಲಿನ ಬಾಗಿಲು ಮುಚ್ಚಿತ್ತು, ಬೀಗ ಹಾಕಿರಲಿಲ್ಲ. ಮುಧೋಳರು ಅದರ ಮುಂದೆ ನಿಂತು, ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದರು. ಕಾದರು. ಒಳಗಿನಿಂದ ಯಾರೋ ಬರುತ್ತಾರೆ ಎನ್ನುವಂತೆ ತಲೆಯನ್ನು ಒಂದಿಷ್ಟು ಓರೆ ಮಾಡಿದ್ದರು. ಆಮೇಲೆ ಹಿಡಿಕೆ ತಿರುಗಿಸಿ ತೆಗೆದರು.

ನಮಗೆ ತೋರಿಸಲೆಂದು ಮಾಡಿದ್ದಲ್ಲ. ನಾವಿಬ್ಬರು ಹಿಂದೆ ಇದ್ದದ್ದೇ ಅವರಿಗೆ ಆ ಗಳಿಗೆಯಲ್ಲಿ ಮರೆತಂತಿತ್ತು.

ಕೋಣೆಯಲ್ಲಿ ಮಂಚ, ಮೇಜು, ನೀರು ಹಾಕಿ ಉಳಿಸಿಕೊಂಡ ಒಂದು ಗಿಡ. ಧೂಳಿರಲಿಲ್ಲ. ಮಂಚದ ಮೇಲೆ ಏನೂ ಇರಲಿಲ್ಲ. ಓಬರ್‌ಮಾಯರ್ ಕೋಣೆಯನ್ನು ನೋಡಲೇ ಇಲ್ಲ. ಬಾಗಿಲನ್ನು ನೋಡಿದರು, ಕೆಳಗಿಳಿದರು, ಬೂಟು ಹಾಕಿಕೊಂಡರು. ಬೀದಿಯ ತಿರುವಿನಲ್ಲಿ ನಿಂತರು.

"ಅವರು ಬಾಗಿಲು ಬಡಿದರು" ಎಂದರು.

"ಹೌದು."

"ಒಳಗೆ ಯಾರೂ ಇರಲಿಲ್ಲ."

"ಇರಲಿಲ್ಲ."

"ಆದರೂ ಬಡಿದರು. ಕಾದರು. ಕೋಣೆ ಯಾರ ಕೈಯಲ್ಲಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ನಾನು ಎಲ್ಲೂ ಕಂಡಿಲ್ಲ."

"ಅದನ್ನು ಬರೆಯಲೇಬೇಕೇ?" ಎಂದು ಕೇಳಿದೆ.

"ನಾವು ಬರೆಯುವುದು ಕಂಡದ್ದನ್ನು."

ಈ ಕೊನೆಯ ಮಾತನ್ನು ಅವರು ಹೇಗೆ ಹೇಳಿದರು ಎಂಬುದು ನನಗೆ ಬಗೆಹರಿದಿಲ್ಲ. ಒಂದು ನೆನಪಿನಲ್ಲಿ ಅವರು ಖಡಾಖಂಡಿತವಾಗಿ, ನನ್ನತ್ತ ನೋಡದೆ, ಅಧಿಕಾರಿಯ ದನಿಯಲ್ಲಿ ಹೇಳುತ್ತಾರೆ. ಇನ್ನೊಂದರಲ್ಲಿ ಕೆಸರಿನ ನಡುವೆ ನಿಂತು, ಏನೋ ಗೊತ್ತಿದ್ದವರಂತೆ ನಿಧಾನವಾಗಿ ಹೇಳುತ್ತಾರೆ. ಎರಡನೆಯದು ಚೆಂದವಾಗಿದೆ. ಅಷ್ಟಕ್ಕೇ ಅದನ್ನು ನಂಬಲು ನನಗೆ ಧೈರ್ಯವಿಲ್ಲ. ಅವರು ತೀರಿಕೊಂಡಿದ್ದಾರೆ, ಕೇಳುವಂತಿಲ್ಲ.

ವಿನಾಯಿತಿ ಇಲ್ಲ ಎಂಬ ಆದೇಶ ಹೋಯಿತು. ಡ್ಯೂಸೆಲ್ಡಾರ್ಫ್‌ನಿಂದ ಫೋನು ಬಂತು. ಹಿಂದೆ ರೈಲು ನಿಲ್ದಾಣದ ಗದ್ದಲ.

"ಆಂಟಿ, ದಿಸ್ ಇಸ್ ಅನ್‌ಫೇರ್. ನನ್ನ ಕ್ಲಾಸ್‌ಮೇಟ್ಸ್ ಎಲ್ಲಾರಿಗೂ ಮಾಫಿ ಆಗೇತಿ. ಎಲ್ಲಾರೂ ಪೇರೆಂಟ್ಸ್ ಮನ್ಯಾಗ ರೂಮ್ ಇಟ್ಟಾರ. ನನಗೊಬ್ಬಾಕಿಗೆ ಯಾಕ?"

ತೆರಿಗೆದಾರಳು ಅವಳು. ಕಾರಣ ಕೇಳುವ ಹಕ್ಕು ಅವಳದು, ಹೇಳುವ ಕೆಲಸ ನನ್ನದು.

"ನಾವು ಮನೆಗೆ ಹೋಗಿ ನೋಡಿದ್ವಿ. ನಿಮ್ಮಪ್ಪ ಆ ಕೋಣೆಗೆ ಬಾಗಿಲು ಬಡಿದು ಹೋಗ್ತಾರೆ."

"ವಾಸ್?"

"ಬಾಗಿಲು ಬಡೀತಾರೆ."

"ನಾ ಇಲ್ಲದಾಗ?"

"ನೀನಿಲ್ಲದಾಗ."

ನಿಲ್ದಾಣದಲ್ಲಿ ಯಾವುದೋ ರೈಲು ತಡವಾಗಿ ಬರುವುದೆಂದು ಹೇಳುತ್ತಿದ್ದರು. 

"ಬಡದು, ಸೀದಾ ಒಳಗ ಹೋದ್ರ?"

"ಇಲ್ಲಮ್ಮ. ಕಾದರು. ಆಮೇಲೆ ತೆಗೆದರು."

"ಕಾದ್ರು..." ಎಂದಳು. ಅದಾದ ಮೇಲೆ ಒಂದು ಸದ್ದು ಬಂತು. ನಕ್ಕಳೋ ಮೂಗೊರೆಸಿಕೊಂಡಳೋ ಫೋನಿನಲ್ಲಿ ತಿಳಿಯಲಿಲ್ಲ. ಹೇಳಿದ್ದಂತೂ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಜರ್ಮನ್ನಿನಲ್ಲಿ ಹೇಳಿದ್ದನ್ನು ಮತ್ತೆ ಕನ್ನಡದಲ್ಲೂ ಹೇಳಿದಳು: "ಆಬ್‌ಮೆಲ್ಡುಂಗ್ ಬ್ಯಾಡ. ನಾ ಕಟ್ಟತೀನಿ. ಪಪ್ಪಾನ ಹತ್ರ ಇಸಕೋಬ್ಯಾಡ್ರಿ."

ಕಟ್ಟಿದಳು. ಆ ಯುಗಾದಿಗೆ ಮನೆಗೂ ಬಂದಿದ್ದಳೆಂದು ಗಿರಿಜಾ ಹೇಳಿದರು. ಬಂದಾಗ ತಂದೆ ಮಗಳು ಏನು ಮಾತಾಡಿದರು, ಮಾತಾಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಇಲ್ಲೊಂದು ಸಂಭಾಷಣೆ ಬರೆಯುವುದು ಸುಲಭ. ನಾನು ಅಲ್ಲಿರಲಿಲ್ಲ.

ಇಷ್ಟರಲ್ಲಿ ಕಚೇರಿಯೇ ಬದಲಾಗತೊಡಗಿತು. ಮರದ ಪೆಟ್ಟಿಗೆಗಳ ಕಾರ್ಡುಗಳು ಹೋದವು. ನೋಂದಣಿ ಕಚೇರಿಯ ಮಾಹಿತಿ ತಾನಾಗಿಯೇ ನಮ್ಮ ಪರದೆಗೆ ಹರಿದು ಬರತೊಡಗಿತು. ನೋಟೀಸು ತಾನೇ ಹೊರಡುತ್ತದೆ, ನೆನಪೋಲೆಯೂ ತಾನೇ ಹೊರಡುತ್ತದೆ. ಓಬರ್‌ಮಾಯರ್ ನಿವೃತ್ತರಾದ ದಿನ ಅವರ ಸೈಕಲ್ಲು ಕಚೇರಿಯ ಆಸ್ತಿಯೇ ಸ್ವಂತದ್ದೇ ಎಂದು ಬಹಳ ಹೊತ್ತು ಚರ್ಚೆಯಾಯಿತು. ಅವರ ಜಾಗಕ್ಕೆ ಬಂದ ತರುಣಿ ಬಹಳ ಚುರುಕು, ಒಳ್ಳೆಯವಳು. "ಮನೆಗಳಿಗೆ ಹೋಗುವುದೇಕೆ? ಫೋಟೋ ಕಳಿಸಲಿ" ಎಂದಳು. ಅದರಲ್ಲಿ ತಪ್ಪೇನಿಲ್ಲ. ಹಳೆಯ ಪದ್ಧತಿಯಲ್ಲಿ ಎಷ್ಟೋ ಅನ್ಯಾಯಗಳಾಗುತ್ತಿದ್ದವು. ಓಬರ್‌ಮಾಯರ್‌ಗೆ ನಾಯಿ ಬೊಗಳಿದ ಮನೆಗೆ ವಿನಾಯಿತಿ ಸಿಗುವುದು ಕಷ್ಟವಿತ್ತು. ಆದರೆ ಮುಧೋಳರ ಮೇಲಿನ ಕೋಣೆಯ ಫೋಟೋ ಬಂದಿದ್ದರೆ ನಮಗೆ ಕಾಣುತ್ತಿದ್ದದ್ದು ಮಂಚ, ಮೇಜು, ಒಂದು ಗಿಡ.

ನನ್ನ ನೌಕರಿಯ ಕೊನೆಯ ಬೇಸಿಗೆಯಲ್ಲಿ ಸಹನಾಳಿಂದ ಅರ್ಜಿ ಬಂತು. ಮೇಲಿನ ಅಂತಸ್ತನ್ನು ಈಗ ತಂದೆತಾಯಿ ಬಳಸುತ್ತಿದ್ದಾರೆ, ವಿನಾಯಿತಿ ಕೊಡಿ. ಕೆಳಗೆ ಆ ಸಿದ್ಧ ವಾಕ್ಯ, ಆದರೆ ಬಾಯಿ ಬೇರೆ: 'ಈ ಕೋಣೆಯ ಮೇಲೆ ನನಗೆ ಸ್ವತಂತ್ರ ಅಧಿಕಾರವಿಲ್ಲ, ನನ್ನ ತಂದೆತಾಯಿ ಯಾವಾಗ ಬೇಕಾದರೂ ಒಳಗೆ ಹೋಗಬಹುದು.' ಅವಳದೇ ಸಹಿ. ತಂದೆಯ ಸಹಿಯ ಜಾಗ ಖಾಲಿ.

ಈ ಕಡತವನ್ನೂ ಹೊಸ ಅಧಿಕಾರಿಗೇ ಒಪ್ಪಿಸಿದೆ. "ಫೋಟೋ ಸಾಕಲ್ಲವೇ?" ಎಂದಳು. ಒಮ್ಮೆ ಹೋಗಿ ನೋಡಿಬರುತ್ತೇನೆ, ತೀರ್ಮಾನ ನೀನೇ ಮಾಡು ಎಂದೆ. "ಹಳೆಯ ಕಾಲದವರಪ್ಪಾ ನೀವು" ಎಂದು ನಕ್ಕು ಬಿಟ್ಟಳು.

ಜುಲೈ ತಿಂಗಳು, ಬಿಸಿಲು. ಗೇಟಿನಲ್ಲಿ ಎರಡು ಕರೆಗಂಟೆಗಳೂ ಹಾಗೆಯೇ ಇದ್ದವು. ಮುಧೋಳರಿಗೆ ಮಂಡಿನೋವು ಬಂದಿತ್ತು.

"ಸಾರ್, ಇಲ್ಲಿ ನಿಮ್ಮ ಸಹಿ ಬೇಕಾಗಿತ್ತು."

"ನಾ ಮಾಡಂಗಿಲ್ರಿ. ಆಕಿ ಬರದಾಳ. ಅದು ಆಕಿ ಮಾತು, ಆಕಿ ಅಂದ್ರ ನಡೀತೈತಿ. ನಾ ಅನ್ನಂಗಿಲ್ಲ."

ಅವರ ಹಟ ಹಾಗೆಯೇ ಇತ್ತು. ಗಿರಿಜಾ ಒಳಗಿನಿಂದಲೇ, "ಅಕ್ಕಾ, ಇವರನ್ನ ಕೇಳಿದ್ರ ಮುಂದಿನ ವರ್ಷಾನೂ ಇಲ್ಲೇ ನಿಂತಿರತೀರಿ. ಮ್ಯಾಲೆ ಹೋಗಿ ನೋಡ್ರಿ" ಎಂದರು.

ಮಂಡಿಯ ಕಾರಣ ಈ ಸಲ ಮುಧೋಳರು ಹಿಂದಾದರು. ನಾನೇ ಮುಂದೆ ಹತ್ತಿದೆ. ಅದೇ ಕಡಿದಾದ ಮೆಟ್ಟಿಲು, ಅದೇ ಬಾಗಿಲು, ಮುಚ್ಚಿತ್ತು. ಮುಂದೆ ನಿಂತೆ. ನನ್ನ ಕೈ ತಾನಾಗಿ ಮೇಲೆದ್ದು, ಬೆರಳುಗಳು ಮಡಚಿಕೊಂಡವು.

ಕೆಳಗಿನ ಮೆಟ್ಟಿಲಿನಿಂದ, ಏದುಸಿರಿನ ನಡುವೆ, ಮುಧೋಳರ ದನಿ ಬಂತು.

"ಯಾಕ ನಿಂತ್ರಿ ಅಕ್ಕಾರ? ನೂಕ್ರಿ ಬಾಗಲಾ. ಒಳಗ ಸಂಡಿಗಿ ಹಾಕ್ಯಾರ, ಅವೇನ್ ಎದ್ದು ಬಂದು ತಗೀತಾವ?"